ಹಳೆಯ ಸೀರೆಯ ಏಳು ಗೂಬೆಗಳು

ನನ್ನ ಮಗಳ ಎಡಗಾಲಿನ ಮೀನಖಂಡದ ಮೇಲೆ ಅಂಗೈಯಷ್ಟು ಅಗಲದ, ಸುತ್ತಲಿನ ಚರ್ಮಕ್ಕಿಂತ ನುಣುಪಾದ ಒಂದು ಗುರುತಿದೆ. ಎರಡು ಬೇಸಿಗೆಗಳ ಬಿಸಿಲು ಬಿದ್ದರೂ ಅದರ ಬಣ್ಣ ಉಳಿದ ಕಾಲಿನ ಬಣ್ಣದೊಡನೆ ಕೂಡಿಲ್ಲ. ಅದಕ್ಕೆ ಕಾರಣವಾದ ಉಡುಪನ್ನು ಯೋಚಿಸಿದವಳು, ಕತ್ತರಿಸಿದವಳು, ಹೊಲಿದವಳು ನಾನು. ಅಂಥದೇ ಉಡುಪನ್ನು ಹೊಲಿಯಲು ಇನ್ನೂ ಆರು ತಾಯಂದಿರಿಗೆ ಕಲಿಸಿದವಳೂ ನಾನೇ. ಆ ಏಳು ಉಡುಪುಗಳ ಕುರಿತು ಬರೆಯುವುದನ್ನು ಇಷ್ಟು ದಿನ ಮುಂದೂಡಿದ್ದೆ. ಮುಂದೂಡಿದ್ದೂ ಒಂದು ತಪ್ಪೇ.

ನಾನು ಓದಿದ್ದು ಧಾರವಾಡದ ಹೊರವಲಯದ ಒಂದು ಪ್ರಯೋಗಶೀಲ ಶಾಲೆಯಲ್ಲಿ. ಅಲ್ಲಿ ಬೆಳಗಿನ ಪ್ರಾರ್ಥನೆಯ ಬದಲು ಮಕ್ಕಳೆಲ್ಲ ಬೇವಿನ ಮರದ ಕೆಳಗೆ ವೃತ್ತವಾಗಿ ಕೂತು, ಹಿಂದಿನ ದಿನ ಕಂಡ ಒಂದು ಅನ್ಯಾಯವನ್ನು ಎದ್ದು ನಿಂತು ಹೇಳಬೇಕಿತ್ತು. ಹೆಸರಿಡದ ತಪ್ಪು ಬೆಳೆಯುತ್ತದೆ ಎನ್ನುತ್ತಿದ್ದರು ನಮ್ಮ ಗುರುಗಳು. ಮೊದಲು ನಿನ್ನದನ್ನು ಹೇಳು, ಆಮೇಲೆ ಊರಿನದನ್ನು ಎಂಬ ಇನ್ನೊಂದು ಮಾತನ್ನೂ ಅವರು ಸೇರಿಸುತ್ತಿದ್ದರು. ಮೊದಲಿನ ಮಾತನ್ನು ನಾನು ಅಮೆರಿಕದ ಸ್ಯಾನ್ ಡಿಯಾಗೋದವರೆಗೂ ಜೋಪಾನವಾಗಿ ತಂದೆ. ಎರಡನೆಯದನ್ನು ದಾರಿಯಲ್ಲಿ ಎಲ್ಲಿ ಬಿಟ್ಟೆನೋ ನನಗೆ ತಿಳಿಯದು.

ಮಹಾಮಾರಿಯ ಮೊದಲ ವರ್ಷದ ಅಕ್ಟೋಬರಿನಲ್ಲಿ ಮಗಳಿಗೆ ಐದು ವರ್ಷ. ಮೀರಾ ಮೆಸಾ ಬಡಾವಣೆಯ ನಮ್ಮ ಮನೆಯಲ್ಲಿ ಅವಳ ಶಾಲೆ ಊಟದ ಮೇಜಿನ ಮೇಲಿನ ಪರದೆಗೆ ಇಳಿದಿತ್ತು. ಆ ಶರತ್ಕಾಲ ಎಲ್ಲೆಲ್ಲೋ ಸುಡುತ್ತಿದ್ದ ಕಾಡುಗಳ ಹೊಗೆ ಊರ ಮೇಲೆ ಬಂದು ಕೂತು, ಮಧ್ಯಾಹ್ನದ ಸೂರ್ಯ ಹಳೆಯ ತಾಮ್ರದ ತಂಬಿಗೆಯ ಬಣ್ಣಕ್ಕೆ ತಿರುಗುತ್ತಿದ್ದ. ಕಿಟಕಿಯ ಸಂದುಗಳಿಗೆ ಒದ್ದೆ ಬಟ್ಟೆ ತುರುಕುತ್ತಿದ್ದ ನನ್ನ ಬಳಿ ಬಂದು ಅವಳು ಹೇಳಿದಳು: "ಅಮ್ಮಾ, ಫಾರ್ ಹ್ಯಾಲೋವೀನ್ ಐ ವಾಂಟ್ ಟು ಬಿ ಅ ಕ್ಯಾಟ್."

ಅಕ್ಟೋಬರಿನ ಕೊನೆಯ ಸಂಜೆ ಇಲ್ಲಿನ ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಬೇಡುತ್ತಾರೆ. ಆ ವರ್ಷ ಬೇಡುವುದಕ್ಕೆ ಹೋಗುವಂತಿರಲಿಲ್ಲ. ಆದರೂ ವೇಷ ಬೇಕಿತ್ತು. ಅಂಗಡಿಯ ಬೆಕ್ಕಿನ ವೇಷವನ್ನು ನಾನು ಕೊಳ್ಳುವುದಿಲ್ಲ ಎಂದೆ. ಕಾರಣಗಳನ್ನು ಐದು ವರ್ಷದ ಮಗುವಿಗೆ ಒಂದೊಂದಾಗಿ ವಿವರಿಸಿದೆ. ಆ ಬಟ್ಟೆ ಪ್ಲಾಸ್ಟಿಕ್ಕಿನ ನೂಲು, ಒಗೆದ ನೀರಿನೊಡನೆ ಸಮುದ್ರ ಸೇರುತ್ತದೆ. ಅದನ್ನು ಹೊಲಿದ ಹೆಂಗಸಿಗೆ ದಿನಗೂಲಿ ಇಲ್ಲ, ತುಂಡಿಗಿಷ್ಟು ಎಂಬ ಲೆಕ್ಕ. ಒಂದು ಸಂಜೆ ತೊಟ್ಟು ಎಸೆದ ವೇಷ ಅವಳ ಮೊಮ್ಮಕ್ಕಳ ಕಾಲಕ್ಕೂ ಕೊಳೆಯುವುದಿಲ್ಲ. ಅದೇ ಅಂಗಡಿಯಲ್ಲಿ ಈ ನೆಲದ ಮೂಲನಿವಾಸಿಗಳ ಗರಿಯ ಕಿರೀಟವನ್ನೂ ಆಟದ ಸಾಮಾನಾಗಿ ಮಾರುತ್ತಾರೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಇಂದಿಗೂ ನಾನು ಯಾವುದನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಮಗು ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಮುಖ ನೋಡಿ, "ಓಕೆ," ಎಂದಿತು.

ಆ ವರ್ಷ ಅವಳು ಜೇನುನೊಣವಾದಳು. ಜೇನುನೊಣಗಳು ಸಾಯುತ್ತಿದ್ದವು.

ಮರುವರ್ಷ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಚೀಲಗಳಿದ್ದ ತಿಮಿಂಗಿಲವಾದಳು. ಅದಕ್ಕೆ ಮೊದಲು ಒಂದು ಭಾನುವಾರ ಅವಳನ್ನು ಲಾಂಗ್ ಬೀಚಿನ ದಡಕ್ಕೆ ಕರೆದೊಯ್ದಿದ್ದೆ. ಬಂದರಿನಲ್ಲಿ ಜಾಗವಿಲ್ಲದೆ ಸರಕಿನ ಹಡಗುಗಳು ದಿಗಂತದವರೆಗೂ ಸಾಲುಗಟ್ಟಿ, ಅಲುಗದೆ ನಿಂತಿದ್ದ ಕಾಲ ಅದು. "ನಿನ್ನ ಗೆಳತಿಯರ ವೇಷಗಳೆಲ್ಲ ಆ ಡಬ್ಬಿಗಳಲ್ಲಿವೆ, ನೋಡು," ಎಂದೆ. ಅವಳು ಬಹಳ ಹೊತ್ತು ನೋಡಿ, "ಆರ್ ದೇರ್ ಪೀಪಲ್ ಇನ್‌ಸೈಡ್?" ಎಂದು ಕೇಳಿದಳು. ಆ ವಾರವೆಲ್ಲ ಅವಳು ಸರಿಯಾಗಿ ಮಲಗಲಿಲ್ಲ. ಅದನ್ನು ನಾನು ಸಂವೇದನೆ ಎಂದು ತಿಳಿದು ಒಳಗೊಳಗೇ ಹೆಮ್ಮೆಪಟ್ಟೆ.

ಮೂರನೆಯ ವರ್ಷ ಅವಳು ಬತ್ತುತ್ತಿರುವ ನದಿಯಾದಳು. ಭುಜದಲ್ಲಿ ಅಗಲವಾಗಿದ್ದ ನೀಲಿ ಸೀರೆ ಪಾದಕ್ಕೆ ಬರುವಷ್ಟರಲ್ಲಿ ಬೆರಳಗಲವಾಗಿತ್ತು. ಒಂದು ಮನೆಯ ಬಾಗಿಲಲ್ಲಿ ಅಜ್ಜಿಯೊಬ್ಬರು ಬಗ್ಗಿ, "ಮತ್ತೆ ನೀನ್ಯಾರು, ರಾಜಕುಮಾರಿಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಐ ಆಮ್ ಅ ರಿವರ್," ಎಂದಳು ಮಗಳು, "ಐ ಆಮ್ ಡೈಯಿಂಗ್." ಅಜ್ಜಿ ಒಂದು ಹೆಚ್ಚಿನ ಚಾಕಲೇಟು ಹಾಕಿ ಮೆಲ್ಲಗೆ ಬಾಗಿಲು ಮುಚ್ಚಿಕೊಂಡರು.

ನನ್ನ ಗಂಡ ಬೆಂಗಳೂರಿನವರು, ಟೆಲಿಕಾಂ ಎಂಜಿನಿಯರ್. ಆ ಸಂಜೆ ಮನೆಗೆ ಬಂದ ಮೇಲೆ ಅವರು ಹೇಳಿದರು: "ಲೇ, ಮುಂದಿನ ವರ್ಷ ಬೆಕ್ಕೇ ಆಗ್ಲಿ ಬಿಡೇ. ನಿನ್ ಚಳವಳೀಲಿ ಬೆಕ್ಕಿಗೇನು ಜಾಗ ಇಲ್ವಾ?"

"ಆ ಬೆಕ್ಕಿನ ಕಿವಿ ಯಾವ ಕಾರ್ಖಾನೆಯಿಂದ ಬರತ್ತೆ ಗೊತ್ತಾ ನಿಮಗೆ?"

"ಗೊತ್ತು ಮಾರಾಯ್ತಿ. ಊಟ ಆಗ್ಲಿ, ಆಮೇಲೆ ಹೇಳು."

ನಾನು ನಗಲಿಲ್ಲ. ನಗಬಹುದಿತ್ತು.

ನಾಲ್ಕನೆಯ ವರ್ಷ, ಮಗಳಿಗೆ ಎಂಟಾದಾಗ, ನಾನು ಗೂಬೆಯನ್ನು ಆರಿಸಿದೆ. ಸ್ಯಾನ್ ಡಿಯಾಗೋದ ಹುಲ್ಲುಬಯಲುಗಳಲ್ಲಿ, ನೆಲದ ಬಿಲಗಳಲ್ಲಿ ಬದುಕುವ ಪುಟ್ಟ ಗೂಬೆಯೊಂದಿದೆ. ಗೋದಾಮುಗಳೂ ಮನೆಗಳೂ ಎದ್ದಂತೆ ಅದರ ಬಿಲಗಳು ಮುಚ್ಚುತ್ತಿವೆ. ನನ್ನ ಅಜ್ಜಿಯ ಎರಡು ಹಳೆಯ ಹತ್ತಿಯ ಸೀರೆಗಳು ಪೆಟ್ಟಿಗೆಯಲ್ಲಿದ್ದವು. ಒಗೆದೊಗೆದು ಹೊಗೆಯಷ್ಟು ತೆಳ್ಳಗಾಗಿದ್ದ ಸೀರೆಗಳು. ಅವನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು, ಅಂಚುಗಳನ್ನು ಉಗುರಿನಿಂದ ಎಳೆದೆಳೆದು ನೂಲು ಬಿಡಿಸಿದೆ. ಪ್ರತಿ ಪಟ್ಟಿಯೂ ಒಂದು ಗರಿ. ನೂರಾರು ಗರಿಗಳನ್ನು ಒಂದರ ಮೇಲೊಂದು ಇಳಿಬಿಟ್ಟು, ಮೊಣಕಾಲಿನ ಕೆಳಗಿನವರೆಗೂ ಬರುವ ಮೇಲಂಗಿಗೆ ಹೊಲಿದೆ. ಗಾಳಿ ಬೀಸಿದರೆ ಗರಿಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಿದ್ದವು. ನಾನು ಹೊಲಿದ ಬಟ್ಟೆಗಳಲ್ಲಿ ಅಷ್ಟು ಚೆಲುವಾದದ್ದು ಮತ್ತೊಂದಿಲ್ಲ.

ಭುಜದ ದಪ್ಪ ಮಡಿಕೆಗಳನ್ನು ನನ್ನ ಮನೆಯ ಯಂತ್ರದ ಸೂಜಿ ದಾಟಲಿಲ್ಲ. ಆದ್ದರಿಂದ ಅದನ್ನು ಲಾಸ್ ಏಂಜಲೀಸ್ ಬಳಿಯ ಆರ್ಟೀಸಿಯಾಕ್ಕೆ ಒಯ್ದೆ. ಅಲ್ಲಿನ ಪಯನೀರ್ ಬುಲೆವಾರ್ಡ್ ಎಂಬ ಬೀದಿಯಲ್ಲಿ, ಸೀರೆಯಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಹುಬ್ಬಳ್ಳಿಯ ಕಡೆಯ ಹಿರಿಯ ಹೆಂಗಸೊಬ್ಬರು ಬ್ಲೌಸ್ ಹೊಲಿಯುತ್ತಿದ್ದರು. ಎರಡು ತಾಸು ಡ್ರೈವ್ ಮಾಡಿಕೊಂಡು ನಾನು ಅವರ ಬಳಿ ಹೋಗುತ್ತಿದ್ದುದು ಅರ್ಧ ಹೊಲಿಗೆಗಾಗಿ, ಅರ್ಧ ಅವರ ಮಾತಿಗಾಗಿ. ಈ ದೇಶಕ್ಕೆ ಬಂದ ಹೊಸದರಲ್ಲಿ ಅವರು ಲಾಸ್ ಏಂಜಲೀಸ್ ನಡುಪಟ್ಟಣದ ಹೊಲಿಗೆ ಕಾರ್ಖಾನೆಯೊಂದರಲ್ಲಿ ಕಾಲರುಗಳನ್ನಷ್ಟೇ ಹೊಲಿದವರು. ಅಲ್ಲಿನ ಅನ್ಯಾಯಗಳ ಬಗ್ಗೆ ಸಭೆಯೊಂದರಲ್ಲಿ ಮಾತಾಡಿರೆಂದು ನಾನು ಹಲವು ಸಲ ಒತ್ತಾಯಿಸಿದ್ದೆ. "ಕಾಲರ್ ಬಗ್ಗೆ ಏನ್ ಮಾತಾಡೂದವ್ವಾ," ಎಂದು ಅವರು ಪ್ರತಿ ಸಲವೂ ತಪ್ಪಿಸಿಕೊಳ್ಳುತ್ತಿದ್ದರು.

ನಾನು ಗೂಬೆಯನ್ನು ಮೇಜಿನ ಮೇಲೆ ಹರಡಿದಾಗ ಅವರು ಕನ್ನಡಕ ಹಣೆಗೇರಿಸಿದರು.

"ಏನಿದು ತಂಗೀ?"

"ಗೂಬಿ ರೀ ಆಂಟಿ. ನನ್ನ ಮಗಳಿಗೆ."

"ಅಯ್ಯ ಶಿವನ! ಹಡದ ತಾಯಿ ಆಗಿ ಕೂಸಿಗೆ ಗೂಬಿ ವೇಷ ಹಾಕ್ತೀಯೇನ? ಮನಿ ಮ್ಯಾಲ ಗೂಬಿ ಕುಂತ್ರ ಹಳ್ಳ್ಯಾಗ ಮನಿ ಬಿಟ್ಟು ಹೋಗ್ತಿದ್ರು."

ಗೂಬೆ ಅಪಶಕುನವೆಂಬುದು ಮೂಢನಂಬಿಕೆ, ಆ ನಂಬಿಕೆಯಿಂದಲೇ ಎಷ್ಟು ಗೂಬೆಗಳನ್ನು ಕೊಲ್ಲುತ್ತಾರೆ ಎಂದು ನಾನು ಅವರಿಗೆ ತಿಳಿಹೇಳತೊಡಗಿದೆ. ಅವರು ಕೇಳುತ್ತಲೇ ಒಂದು ಗರಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹೊಸೆದರು. ತೆಳ್ಳನೆಯ ಬಟ್ಟೆ ಸುರುಳಿಗೊಂಡು ದಾರದಂತಾಯಿತು.

"ಇದನ್ನ ನೋಡು," ಎಂದರು. "ಹಳೇ ಮೆತ್ತನ ಅರಿವಿ. ದೇವರ ಮುಂದ ಬತ್ತಿ ಹೊಸ್ಯಾಕ ನಾವು ಇಂಥಾದ್ದ ಅಲ್ಲೇನು ಹುಡಕೂದು? ಕೌದಿ ಹೊಲದಿದ್ರ ಪಾಡಿತ್ತು. ಕೌದಿ ದಪ್ಪ, ಕಿಡಿ ಬಿದ್ರ ಹೊಗಿ ಆಡ್ತದ, ಅಷ್ಟ. ಇದು ಹಂಗಲ್ಲ. ಅವತ್ತು ಮನಿ ಮುಂದೆಲ್ಲಾ ಕುಂಬಳಕಾಯಿ ಒಳಗ ದೀಪ ಇಟ್ಟಿರ್ತಾರ."

"ಆಂಟಿ, ದೀಪಾವಳ್ಯಾಗ ಪಟಾಕಿ ಹಚ್ಚೋ ಮುಂದ ನಮಗೆಲ್ಲಾ ಹತ್ತಿ ಅರಿವೀನ ಹಾಕ್ತಿದ್ರಲ್ಲೇನ್ರಿ? ನೈಲಾನ್ ಆದ್ರ ಕರಗಿ ಮೈಗೆ ಅಂಟ್ತದ ಅಂತ?"

"ಹಾಕ್ತಿದ್ರವ್ವಾ. ಮೈಗೆ ಹತ್ತಿದ ಲಂಗಾ ಬ್ಲೌಸ. ಹಿಂಗ ಸಾವಿರ ಬತ್ತಿ ಇಳಿಬಿಟ್ಟು ಅಲ್ಲ." ಆಮೇಲೆ ನಕ್ಕರು. "ಇರ್ಲಿ ಬಿಡು. ನೀ ಬಾಳ ಓದಿದಾಕಿ, ನಾ ಕಾಲರ್ ಹೊಲಿಯಾಕಿ."

ಅವರ ಬಾಯಿಂದ ಒಂದೇ ಉಸಿರಿಗೆ ಎರಡು ಎಚ್ಚರಿಕೆಗಳು ಬಂದಿದ್ದವು, ಒಂದು ಶಕುನದ್ದು, ಇನ್ನೊಂದು ಕಸುಬಿನದು. ಮೊದಲನೆಯದನ್ನು ತಿರಸ್ಕರಿಸುವ ಹುರುಪಿನಲ್ಲಿ ಎರಡನೆಯದನ್ನೂ ಅದರ ಜೊತೆಗೇ ಕಟ್ಟಿ ಎಸೆದೆ. ದುಡಿಯುವ ಹೆಂಗಸರ ದನಿ ಯಾರಿಗೂ ಕೇಳಿಸುವುದಿಲ್ಲವೆಂದು ವೇದಿಕೆಗಳಲ್ಲಿ ಹೇಳುತ್ತಿದ್ದ ನಾನು, ನಲವತ್ತು ವರ್ಷ ಬಟ್ಟೆ ಮುಟ್ಟಿದ ಕೈಯೊಂದು ನನ್ನ ಮುಂದೆ ಬತ್ತಿ ಹೊಸೆದು ತೋರಿಸಿದಾಗ ನೋಡಲಿಲ್ಲ.

ವಾರದ ನಂತರ ಉಡುಪು ತರಲು ಹೋದಾಗ ಅವರು ಇನ್ನೊಂದು ಕೆಲಸವನ್ನೂ ಮಾಡಿಟ್ಟಿದ್ದರು. ಬೆನ್ನಿಗೆ ಏಳು ಜೊತೆ ಲಾಡಿಗಳನ್ನು ಹಚ್ಚಿ ಗಂಟು ಹಾಕುವಂತೆ ನಾನು ಹೇಳಿದ್ದೆ. ಪ್ಲಾಸ್ಟಿಕ್ ಜಿಪ್ ಬೇಡ, ಲೋಹದ ಹುಕ್ ಬೇಡ ಎಂಬುದು ನನ್ನ ನಿಯಮ. ಅವರು ಲಾಡಿಗಳನ್ನು ಬಿಟ್ಟು, ಕುತ್ತಿಗೆಯಿಂದ ಕೆಳಗಿನವರೆಗೆ ಒಂದು ಸಾಲು ಟಿಚ್ ಬಟನ್ ಹಾಕಿದ್ದರು. ಒತ್ತಿದರೆ ಕೂಡುವ, ಎಳೆದರೆ ಬಿಚ್ಚುವ ಸಣ್ಣ ಉಕ್ಕಿನ ಗುಂಡಿಗಳು. ನನಗೆ ಸಿಟ್ಟು ಬಂತು.

"ಬೆನ್ನಿನ ಗಂಟು ಕೂಸಿಗೆ ಬಿಚ್ಚಾಕ ಬರ್ತದೇನು? ನಡುವ ಒಂದಕ್ಕ ಬಂದ್ರ ಏನ್ ಮಾಡ್ತದ? ನಿನ್ನ ನಿಯಮದಾಗ ಉಚ್ಚಿ ಹೊಯ್ಕೋಬೇಕೇನು?" ಎಂದರು ಅವರು. ಬಿಚ್ಚಿ ಬೇರೆ ಹಚ್ಚಲು ಸಮಯವಿರಲಿಲ್ಲ. ಹಾಗೆಯೇ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅಷ್ಟರಲ್ಲಿ ನಾನು ಆ ಗೂಬೆಯ ಚಿತ್ರವನ್ನು ಕನ್ನಡ ತಾಯಂದಿರ ವಾಟ್ಸಾಪ್ ಗುಂಪಿಗೆ ಹಾಕಿಯಾಗಿತ್ತು. ಅಂಗಡಿಯ ವೇಷಗಳನ್ನು ಬಿಟ್ಟುಬಿಡೋಣ, ಮನೆಯಲ್ಲಿರುವ ಹಳೆಯ ಸೀರೆಗಳಲ್ಲೇ ಹೊಲಿಯೋಣ ಎಂದು ದೀರ್ಘವಾಗಿ ಬರೆದಿದ್ದೆ. ಆರು ಜನ ಒಪ್ಪಿದರು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಗರಾಜಿನಲ್ಲಿ ಕಾರು ಹೊರಗಿಟ್ಟು, ನೆಲಕ್ಕೆ ಜಮಖಾನ ಹಾಸಿ ಕೂತೆವು.

"ಮಿಷಿನ್ ಮುಟ್ಟಿ ಹತ್ತ್ ವರ್ಷ ಆಯ್ತು ಕಣ್ರೀ. ದಾರ ಹಾಕೋದೇ ಮರ್ತೋಗಿದೆ."

"ಇದು ನಮ್ಮತ್ತೆ ಕೊಟ್ಟ ಸೀರೆ. ಹರಿಯೋಕೆ ಎಷ್ಟು ಖುಷಿ ಆಗ್ತಿದೆ ಅಂದ್ರೆ!"

"ಮೆಲ್ಲಗೆ ಹರೀರೀ, ಬೆಂಗಳೂರಲ್ಲಿ ಕೇಳ್ಸತ್ತೆ."

ಎಲ್ಲರೂ ನಕ್ಕೆವು. ಚರ್ ಚರ್ ಎಂದು ಬಟ್ಟೆ ಹರಿಯುವ ಸದ್ದು ಗರಾಜಿನ ಗೋಡೆಗಳಿಗೆ ಬಡಿದು ಮರಳುತ್ತಿತ್ತು. ಆ ನಗುವಿನ ನಡುವೆ ಒಬ್ಬ ತಾಯಿ, ಕಣಿವೆಯಾಚೆಯ ಬಡಾವಣೆಯಿಂದ ಬಂದಿದ್ದ ಸಂಕೋಚದ ಹುಡುಗಿ, ತನ್ನ ಕೈಲಿದ್ದ ಪಟ್ಟಿಯನ್ನು ನೋಡುತ್ತ ಕೇಳಿದಳು: "ಅಲ್ಲಾ ಅಕ್ಕಾ, ಅಂಗಡೀದರಲ್ಲಿ ಬೆಂಕಿ ಹಿಡಿಯಲ್ಲ ಅಂತ ಚೀಟಿ ಇರತ್ತಲ್ಲ. ಇದಕ್ಕೆ?"

ಆ ಚೀಟಿಯ ಹಿಂದಿನ ರಾಸಾಯನಿಕಗಳ ಬಗ್ಗೆ ನಾನು ಹೇಳಿದೆ. ಆಮೇಲೆ ದೀಪಾವಳಿಯ ಮಾತು ತೆಗೆದೆ. "ನಿಮ್ಮ ಅಮ್ಮಂದಿರೆಲ್ಲ ಪಟಾಕಿ ಹೊಡಿಯೋವಾಗ ಏನು ಹಾಕಿಸ್ತಿದ್ರು?" ಏಳು ಜನರಲ್ಲಿ ಏಳೂ ಜನ ಹತ್ತಿ ಎಂದರು. ಬೇರೆ ಬೇರೆ ಊರಿನ, ಬೇರೆ ಬೇರೆ ಮನೆಗಳ ತಾಯಂದಿರು ಒಂದೇ ಮಾತು ಹೇಳಿದ್ದರು. ಅದೇ ತಾಯಂದಿರು ಅದೇ ಹಬ್ಬದ ಬೆಳಿಗ್ಗೆ ಹಳೆಯ ಹತ್ತಿ ಪಂಚೆ ಹರಿದು ಬತ್ತಿ ಮಾಡಿ ಎಣ್ಣೆಯಲ್ಲಿ ಅದ್ದುವುದನ್ನೂ ನಾವೆಲ್ಲ ನೋಡಿದ್ದೆವು. ನಮ್ಮಲ್ಲಿ ಒಬ್ಬಳಿಗೂ ಅದು ನೆನಪಾಗಲಿಲ್ಲ. ಆ ಹುಡುಗಿ ತಲೆಯಾಡಿಸಿ ಪಟ್ಟಿಯ ಅಂಚಿನಿಂದ ನೂಲು ಬಿಡಿಸತೊಡಗಿದಳು. ಬೆನ್ನಿಗೆ ಏನು ಹಾಕಬೇಕೆಂಬ ಪ್ರಶ್ನೆಗೆ ನಾನು ನನ್ನ ಮೂಲ ನಿಯಮವನ್ನೇ ಹೇಳಿದೆ: ಲಾಡಿ, ಏಳು ಗಂಟು.

ಹ್ಯಾಲೋವೀನ್ ದಿನ ಬೆಳಗಿನಿಂದಲೇ ಸಾಂಟಾ ಆನಾ ಗಾಳಿ. ಮರುಭೂಮಿಯ ಕಡೆಯಿಂದ ಬೀಸುವ ಆ ಒಣ ಬಿಸಿಗಾಳಿಗೆ ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ಟೆನ್ನುತ್ತದೆ. ಬೆಂಕಿಯ ಅಪಾಯವಿದೆ, ಎಚ್ಚರವಾಗಿರಿ ಎಂಬ ಸೂಚನೆ ಫೋನಿಗೆ ಎರಡು ಸಲ ಬಂತು. ಕಾಡಿನ ಬೆಂಕಿಯ ಬಗ್ಗೆ ಎಂದುಕೊಂಡು ಎರಡು ಸಲವೂ ಅಳಿಸಿದೆ. ಮಧ್ಯಾಹ್ನ ಗುಂಪಿನಲ್ಲಿ ಆರು ಗೂಬೆಗಳ ಫೋಟೋಗಳು ಒಂದರ ಹಿಂದೊಂದು ಬಂದವು. ಪ್ರತಿಯೊಂದಕ್ಕೂ ಹೃದಯದ ಗುರುತು ಒತ್ತಿದೆ.

ವೇಷ ತೊಡಿಸುವಾಗ ಮಗಳು ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳದೆ ನನ್ನನ್ನೇ ನೋಡುತ್ತಿದ್ದಳು. "ಚೆನ್ನಾಗಿದೆಯಾ ಪುಟ್ಟಾ?" ಎಂದೆ. "ಡು ಯು ಲೈಕ್ ಇಟ್?" ಎಂದಳು. "ತುಂಬಾ," ಎಂದೆ. "ದೆನ್ ಯೆಸ್," ಎಂದಳು.

ಸೂರ್ಯ ಮುಳುಗುವ ಹೊತ್ತಿಗೆ ನಾವು ಮೂವರೂ ಹೊರಟೆವು. ನಾಲ್ಕನೆಯ ಮನೆ ನಮ್ಮ ಬೀದಿಯ ನಿವೃತ್ತ ಮೇಷ್ಟರದು. ಇತರರೆಲ್ಲ ಬ್ಯಾಟರಿ ದೀಪ ಇಡುತ್ತಿದ್ದರೂ ಅವರು ಮಾತ್ರ ತಾವೇ ಕೊರೆದ ಕುಂಬಳಕಾಯಿಗಳಲ್ಲಿ ನಿಜವಾದ ಮೇಣದಬತ್ತಿ ಹಚ್ಚಿ, ಮೆಟ್ಟಿಲ ಎರಡೂ ಬದಿಗೆ ಇಡುತ್ತಿದ್ದರು. ಅವರದು ತಪ್ಪೆಂದು ನಾನು ಹೇಳಲಾರೆ. ಮಗಳು ಮೆಟ್ಟಿಲ ಮೇಲಿನ ಮಿಠಾಯಿಯ ಬೋಗುಣಿಗೆ ಬಗ್ಗಿದಳು. ಹಿಂದಿನಿಂದ ಗಾಳಿ ಬಂತು. ಗರಿಗಳೆಲ್ಲ ಒಟ್ಟಿಗೆ ಎದ್ದವು.

ಶಬ್ದವೇ ಇರಲಿಲ್ಲ. ಒಂದು ಗರಿಯ ತುದಿ ಹಳದಿಯಾಯಿತು, ಅದರ ಪಕ್ಕದ್ದು, ಅದರ ಮೇಲಿನದು. ದೇವರ ಮುಂದೆ ಒಂದು ಬತ್ತಿಯಿಂದ ಇನ್ನೊಂದನ್ನು ಹಚ್ಚುತ್ತ ಹೋಗುವಂತೆ ಅದು ಸಾಲುಸಾಲಾಗಿ ಮೇಲೇರಿತು. ಮಗಳು ತಿರುಗಿದಳು. ಕಿರುಚಲಿಲ್ಲ. ನನ್ನ ಮುಖ ನೋಡಿದಳು. ಇದೂ ವೇಷದ ಭಾಗವೇ, ಇದಕ್ಕೂ ಏನಾದರೂ ಅರ್ಥವಿದೆಯೇ ಎಂದು ಕೇಳುವಂತೆ ನೋಡಿದಳು.

ಕುತ್ತಿಗೆಯ ಹಿಂದೆ ಕೈಹಾಕಿ ಎಳೆದೆ. ಟಿಚ್ ಬಟನ್ನುಗಳು ಮೇಲಿನಿಂದ ಕೆಳಗಿನವರೆಗೆ ಟರ್ರನೆ ಬಿಚ್ಚಿಕೊಂಡವು. ಗೂಬೆ ನನ್ನ ಕೈಗೆ ಬಂತು. ದೂರ ಎಸೆದೆ. ಅದು ಮೇಷ್ಟರ ಸಿಮೆಂಟಿನ ಅಂಗಳದಲ್ಲಿ ಒಮ್ಮೆ ರೆಕ್ಕೆ ಬಡಿದಂತೆ ಎದ್ದು ಬಿತ್ತು. ಅವರು ಪೈಪು ಹಿಡಿದು ಓಡಿ ಬರುವಷ್ಟರಲ್ಲಿ ಅಲ್ಲಿ ಉಳಿದದ್ದು ಒಂದು ಹಿಡಿ ಕರಿ ಮತ್ತು ಒಂದು ಸಾಲು ಉಕ್ಕಿನ ಗುಂಡಿಗಳು. ಮಗಳ ಕಾಲುಚೀಲ ಒಂದು ಕಡೆ ಸುಟ್ಟಿತ್ತು. ಗಂಡ ಅವಳನ್ನೆತ್ತಿ ನೀರಿನ ಧಾರೆಯ ಕೆಳಗೆ ಕಾಲಿಟ್ಟು ಹಿಡಿದರು. ಆಗ ಅವಳು ಅತ್ತಳು.

ಆ ಅಳು ಕೇಳುತ್ತ ನಿಂತಾಗ ನನಗೆ ಗಂಟುಗಳ ನೆನಪಾಯಿತು. ಇನ್ನೂ ಆರು ಮಕ್ಕಳು. ಪ್ರತಿಯೊಬ್ಬರ ಬೆನ್ನಿಗೂ ಏಳು ಗಂಟುಗಳು.

"ನಾನು ನೋಡ್ಕೋತೀನಿ, ನೀನು ಫೋನ್ ಮಾಡು," ಎಂದರು ಗಂಡ. ಅವರಿಗೂ ಅದೇ ಹೊಳೆದಿತ್ತು. ಗುಂಪಿನಲ್ಲಿ ಬರೆದರೆ ಆ ಹೊತ್ತಿನಲ್ಲಿ ಯಾರು ನೋಡುತ್ತಾರೆ? ಒಬ್ಬೊಬ್ಬರಿಗೇ ಕರೆ ಮಾಡಿದೆ. ಮೊದಲನೆಯವಳು ಎತ್ತಿದಳು. "ಗೂಬೆ ಬಿಚ್ಚಿಸಿ, ಈಗಲೇ, ಕತ್ತರಿ ತಗೊಂಡು ಕತ್ತರಿಸಿ," ಎಂದೆ. ಅವಳು ತಡವರಿಸಿದಳು. "ರೀ... ಅವಳು ಅದನ್ನ ಹಾಕ್ಕೊಂಡಿಲ್ಲ. ಸಾರಿ. ಚುಚ್ಚತ್ತೆ ಅಂದ್ಲು." ಎರಡನೆಯವಳು ಅಲ್ಲೇ ರಸ್ತೆಯಲ್ಲಿ ನಿಂತು ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚಿದಳು. ಅವಳ ಉಸಿರು, ಮಗುವಿನ ಗೊಣಗಾಟ ಎಲ್ಲವೂ ನನಗೆ ಕೇಳಿಸುತ್ತಿತ್ತು. ಮೂರನೆಯವಳದೂ ನಾಲ್ಕನೆಯವಳದೂ ಮೊದಲನೆಯವಳದೇ ಉತ್ತರ, ಅದೇ ತಡವರಿಕೆ. ಐದನೆಯವಳು ಮಗುವನ್ನು ಹತ್ತಿರದ ಮನೆಯೊಳಗೆ ಎಳೆದೊಯ್ದು ಕತ್ತರಿ ಕೇಳಿದಳು.

ಆರನೆಯವಳು ಎತ್ತಲಿಲ್ಲ. ಗರಾಜಿನಲ್ಲಿ ಚೀಟಿಯ ಬಗ್ಗೆ ಕೇಳಿದ್ದ ಹುಡುಗಿ ಅವಳು.

ನಾಲ್ಕು ಸಲ ಕರೆ ಮಾಡಿ, ಮನೆಗೆ ಓಡಿ ಕಾರು ತೆಗೆದೆ. ಐದು ನಿಮಿಷದ ದಾರಿ. ಆದರೆ ಬೀದಿಗಳ ತುಂಬ ಮಕ್ಕಳು, ನಡೆಯುವವರಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಪ್ರತಿ ಮನೆಯ ಮೆಟ್ಟಿಲಲ್ಲೂ ಹಳದಿ ಬೆಳಕು ಮಿನುಗುತ್ತಿತ್ತು. ಯಾವುದು ಬ್ಯಾಟರಿ, ಯಾವುದು ಬೆಂಕಿ ಎಂದು ಕಾರಿನಿಂದ ತಿಳಿಯುತ್ತಿರಲಿಲ್ಲ. ಬೆಳ್ಳಗೆ ಇಳಿಬಿದ್ದದ್ದು ಏನು ಕಂಡರೂ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು. ಒಂದು ಮದುಮಗಳ ವೇಷ, ಒಂದು ದೆವ್ವ, ಗಾಳಿಗೆ ಹಾರುತ್ತಿದ್ದ ಒಂದು ಪ್ಲಾಸ್ಟಿಕ್ ಚೀಲ. ಕಣಿವೆಯ ಸೇತುವೆಯ ಮೇಲೆ ಗಾಳಿ ಕಾರನ್ನೇ ಅಲುಗಿಸಿತು. ಆ ಮಗುವಿಗೆ ಆರು ವರ್ಷ.

ಅವರ ಬೀದಿಯ ತಿರುವಿನಲ್ಲಿ ಆ ತಾಯಿ ಸಿಕ್ಕಳು. ಪಕ್ಕದಲ್ಲಿ ಹಸಿರಾಗಿ ಹೊಳೆಯುವ, ಅಂಗಡಿಯಿಂದ ತಂದ ಡೈನೋಸಾರ್ ಒಂದು ಬಾಲ ಎಳೆದುಕೊಂಡು ಕುಣಿಯುತ್ತಿತ್ತು. ನಾನು ಕಾರು ನಿಲ್ಲಿಸಿ ಇಳಿದದ್ದನ್ನು ಕಂಡ ಕೂಡಲೇ ಆ ತಾಯಿ ಮಗುವನ್ನು ತನ್ನ ಹಿಂದೆ ಸರಿಸಿಕೊಂಡಳು.

"ಅಕ್ಕಾ, ಸಾರಿ ಅಕ್ಕಾ. ಫೋನ್ ನೋಡಿದೆ, ಎತ್ತೋಕೆ ಧೈರ್ಯ ಬರ್ಲಿಲ್ಲ. ನೀವು ಬೈಯೋಕೇ ಮಾಡ್ತಿದೀರ ಅಂದ್ಕೊಂಡೆ. ಇವಳು ಡೈನೋಸಾರೇ ಬೇಕು ಅಂತ ಅತ್ತುಬಿಟ್ಲು."

"ಮಧ್ಯಾಹ್ನ ಫೋಟೋ ಹಾಕಿದ್ಯಲ್ಲ?"

"ಅದು ನಿಮಗೋಸ್ಕರ ಅಕ್ಕಾ. ತೆಗೆದು, ಬಿಚ್ಚಿಸಿಬಿಟ್ಟೆ. ನಾವು ನಾಲ್ಕು ಜನ ಹಂಗೇ ಮಾಡಿದ್ವಿ."

ಕಾಲುದಾರಿಯ ಅಂಚುಗಲ್ಲಿನ ಮೇಲೆ ನಾನು ಕೂತುಬಿಟ್ಟೆ. ಆರರಲ್ಲಿ ನಾಲ್ಕು ಮಕ್ಕಳನ್ನು ಆ ಸಂಜೆ ಕಾದದ್ದು ನನ್ನ ಆದರ್ಶವಲ್ಲ, ನನ್ನ ಎಚ್ಚರವೂ ಅಲ್ಲ. ತಾಯಂದಿರ ಮುಂದೆ ಅವರು ಮಾಡಿದ ಹಟ ಮತ್ತು ಆ ತಾಯಂದಿರು ನನಗೆ ಹೇಳಿದ ಒಂದು ಸಣ್ಣ ಸುಳ್ಳು. ನನಗೆ ನಿಜ ಹೇಳಲು ಅವರು ಹೆದರಿದ್ದರು. ಹಟ ಮಾಡುವುದನ್ನೇ ಕಲಿಯದ ಮಗು ಒಂದಿತ್ತು. ಅದು ನನ್ನದು.

ಆ ರಾತ್ರಿ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿದ ನರ್ಸ್, ವೇಷ ಯಾವುದರಿಂದ ಮಾಡಿದ್ದು ಎಂದು ಮಗಳನ್ನು ಕೇಳಿದರು. "ಮೈ ಗ್ರೇಟ್-ಗ್ರ್ಯಾಂಡ್‌ಮಾ," ಎಂದಳು ಅವಳು. ಸೀರೆ ಎಂಬ ಪದ ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ. ನರ್ಸ್ ನನ್ನತ್ತ ನೋಡಿದರು. ನಾನು ವಿವರಿಸಲಿಲ್ಲ.

ಎರಡು ವಾರಕ್ಕೆ ದೀಪಾವಳಿ ಬಂತು. ಗೂಬೆಗೆ ಹರಿದ ಪಟ್ಟಿಗಳಲ್ಲಿ ಕೆಲವು ಬುಟ್ಟಿಯಲ್ಲಿ ಉಳಿದಿದ್ದವು. ಒಂದನ್ನು ಹೊಸೆದು ಎಣ್ಣೆಯಲ್ಲಿ ಅದ್ದಿ ಹಚ್ಚಿದೆ. ಎಷ್ಟು ಸಲೀಸಾಗಿ, ಎಷ್ಟು ನೆಮ್ಮದಿಯಿಂದ ಅದು ಹತ್ತಿಕೊಂಡಿತು! ಮಗಳು ಪಟ್ಟಿ ಕಟ್ಟಿದ ಕಾಲನ್ನೆಳೆಯುತ್ತ ಕೋಣೆಯಿಂದ ಹೊರಗೆ ಹೋದಳು. ಆರ್ಟೀಸಿಯಾಕ್ಕೆ ಫೋನ್ ಮಾಡಿ, ಬಟನ್ನುಗಳ ವಿಷಯ ಹೇಳಿ, ತಪ್ಪಾಯಿತು ಎಂದೆ. ಅತ್ತ ಕಡೆ ಹೊಲಿಗೆ ಯಂತ್ರ ನಿಂತಿತು. ಅವರೆಂದರು: "ನಾ ಉಚ್ಚಿಗೆ ಅಂತ ಹಚ್ಚಿದ್ದೆ ತಂಗೀ. ಬೆಂಕೀಗೆ ಅಂತ ಅಲ್ಲ. ಖರೇ ಅಂದ್ರ ಬೆಂಕೀ ಮಾತು ಅವತ್ತ ಇನ್ನೂ ಜೋರಾಗಿ ಹೇಳಬೇಕಿತ್ತು ನಾನು. ನೀ ಸಿಟ್ಟಾಗ್ತಿ ಅಂತ ನಕ್ಕು ಬಿಟ್ಟೆ."

ಅವರೂ ಹೆದರಿದ್ದರು.

ಗುಂಪಿನಲ್ಲಿ ನಡೆದದ್ದನ್ನೆಲ್ಲ ಬರೆದೆ, ಮೊದಲು ನನ್ನ ತಪ್ಪು ಎಂಬ ಮಾತಿನಿಂದ. ಉಳಿದಿದ್ದ ಗೂಬೆಗಳನ್ನು ತರಿಸಿ ಬಿಚ್ಚಿ, ಪಟ್ಟಿಗಳನ್ನು ದಪ್ಪಗೆ ಪೇರಿಸಿ ಒಂದು ಕೌದಿ ಹೊಲಿದೆ. ಮಗಳು ಅದನ್ನು ಹೊದೆಯುವುದಿಲ್ಲ.

ಮರುವರ್ಷ ಅವಳು ಮನೆಯಿಂದ ಹೊರಡಲೇ ಇಲ್ಲ. ಈ ಅಕ್ಟೋಬರಿನಲ್ಲಿ ಅವಳಿಗೆ ಹತ್ತು. ಒಂದು ಸಂಜೆ, ಹೊರಗೆ ಮತ್ತೆ ಆ ಒಣಗಾಳಿ ಏಳುತ್ತಿದ್ದಾಗ, ಹೊಲಿಗೆ ಯಂತ್ರದ ಮುಂದೆ ಕೂತು ನಾನು ಕೇಳಿದೆ: "ಈ ಸಲ ಏನಾಗ್ತೀಯ? ಕೊಂಡುಕೊಂಡರೂ ಸರಿ, ಹೊಲಿದರೂ ಸರಿ. ನೀನೇ ಹೇಳು."

ಅವಳು ನನ್ನ ಮುಖ ನೋಡಿದಳು. ಕಣ್ಣುಗಳು ನನ್ನ ಹುಬ್ಬಿನಿಂದ ತುಟಿಗೆ, ತುಟಿಯಿಂದ ಹುಬ್ಬಿಗೆ ಓಡಾಡಿದವು. ಗಾಯ ಆರಿದೆ. ಈ ನೋಟ ಹೋಗಿಲ್ಲ. ಶಾಲೆಯಲ್ಲಿ, ಊಟದ ಮೇಜಿನಲ್ಲಿ, ಗೆಳತಿಯರ ನಡುವೆಯೂ ಅವಳು ಮೊದಲು ಎದುರಿನವರ ಮುಖದಲ್ಲಿ ಉತ್ತರವನ್ನು ಹುಡುಕುತ್ತಾಳೆ.

"ಡಸ್ ಇಟ್ ಹ್ಯಾವ್ ಟು ಮೀನ್ ಸಮ್‌ಥಿಂಗ್?" ಎಂದಳು.

"ಇಲ್ಲ ಪುಟ್ಟಾ. ಏನೂ ಅರ್ಥ ಇರಬೇಕಾಗಿಲ್ಲ."

ನನ್ನ ಮುಖ ಅವಳಿಗೆ ಕಾಣದಿರಲಿ ಎಂದು ನಾನು ಕುರ್ಚಿಯನ್ನು ತಿರುಗಿಸಿ, ಕಿಟಕಿಯ ಕಡೆ ಮುಖಮಾಡಿ, ಸೂಜಿಗೆ ದಾರ ಪೋಣಿಸತೊಡಗಿದೆ. ಹೊರಗೆ ಕತ್ತಲಾಗಿತ್ತು. ತಲೆಯೆತ್ತಿದಾಗ ಗಾಜಿನಲ್ಲಿ ನನ್ನ ಮುಖವಿತ್ತು. ಅದರ ಹಿಂದೆ, 'ಕ್ಯಾಟ್' ಎಂದು ಹೇಳಬೇಕೋ ಬೇಡವೋ ಎಂದು ಆ ಮುಖವನ್ನೇ ಓದುತ್ತಿದ್ದ ಎರಡು ಕಣ್ಣುಗಳಿದ್ದವು.

ಎದ್ದು ಪರದೆ ಎಳೆದೆ. ಅವಳಿಗೆ ಬೆನ್ನು ಹಾಕಿಯೇ ನಿಂತು ಕಾದೆ. ಪರದೆಯಾಚೆ ಗಾಳಿ ಗಾಜನ್ನು ಮೆಲ್ಲಗೆ ಅಲುಗಿಸುತ್ತಿತ್ತು. ಅವಳು ಇನ್ನೂ ಏನೂ ಹೇಳಿರಲಿಲ್ಲ.